ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಚರ್ಮ: ಚಳಿಗೆ ಯಾರಿಗೆ ಯಾವ ಎಣ್ಣೆ?

ಸಾಧನಕೇರಿ:
ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಚಳಿ ಬಿದ್ದಿದೆ. ಒಣ ಗಾಳಿ, ಮೈ ಕೆರೆದರೆ ಬಿಳಿ ಗೆರೆ ಮೂಡುತ್ತದೆ. ನಮ್ಮ ಮನೆಯ ಕಥೆ ಹೀಗಿದೆ. ನನ್ನದು ಪೂರ್ತಿ ಒಣ ಚರ್ಮ, ಮೊಣಕಾಲಿನ ಕೆಳಗೆ ಹೊಟ್ಟು ಏಳುತ್ತದೆ. ಮಗಳು ಪಿಯುಸಿ ಓದುತ್ತಾಳೆ. ಅವಳ ಹಣೆ, ಮೂಗು ಜಿಡ್ಡು, ಕೆನ್ನೆ ತುಂಬ ಮೊಡವೆ, ಆದರೆ ಕೈಕಾಲು ಒಣ. ಅತ್ತೆಯವರಿಗೆ ಸಕ್ಕರೆ ಕಾಯಿಲೆ, ಹಿಮ್ಮಡಿ ಒಡೆದಿದೆ. ನಾದಿನಿ ಬಾಣಂತನಕ್ಕೆ ಬಂದಿದ್ದಾಳೆ, ಕೂಸಿಗೆ ದಿನಾ ಎಣ್ಣೆ ಹಚ್ಚಿ ಎರೆಯಬೇಕು.

ಅತ್ತೆ ಎಲ್ಲರಿಗೂ ಕೊಬ್ಬರಿ ಎಣ್ಣೆ ಸಾಕು ಅಂತಾರೆ. ನಾದಿನಿ ಆಲಿವ್ ಎಣ್ಣೆ ತರಿಸಿದ್ದಾಳೆ. ಪಕ್ಕದ ಮನೆಯವರು ಬಾದಾಮಿ ಎಣ್ಣೆ ಅಂತಾರೆ. ಮಗಳು ಮುಖಕ್ಕೆ ಏನೂ ಬೇಡ ಅಂತ ಹಟ ಹಿಡಿದಿದ್ದಾಳೆ. ಲೋಷನ್ ಹಚ್ಚಬಹುದು, ಆದರೆ ಅದರ ಪರಿಮಳಕ್ಕೆ ನನಗೆ ತುರಿಕೆ ಬರುತ್ತದೆ. ಯಾರಿಗೆ ಯಾವುದು ಒಳ್ಳೆಯದು? ಬಲ್ಲವರು ಹೇಳಿ.

ಕಡಲತಡಿ:
ತೆಂಗಿನೆಣ್ಣೆ ಹಚ್ಚಿ ಮಾರಾಯ್ರೆ. ಇಷ್ಟು ಯೋಚನೆ ಯಾಕೆ? ನಮ್ಮ ಕುಂದಾಪುರದ ಕಡೆ ಹುಟ್ಟಿದ ಮಗುವಿನಿಂದ ಹಿಡಿದು ಅಜ್ಜನವರೆಗೆ ಅದೇ. ತಲೆಗೂ ಅದೇ, ಮೈಗೂ ಅದೇ, ಒಗ್ಗರಣೆಗೂ ಅದೇ.

ಬಿಸಿಲೂರು:
ಕುಂದಾಪುರದ ಗಾಳಿಯಲ್ಲೇ ನೀರಿದೆ ಸರ್. ಅಲ್ಲಿ ಏನು ಹಚ್ಚಿದರೂ ನಡೆಯುತ್ತದೆ. ಡಿಸೆಂಬರ್‌ನಲ್ಲಿ ನಮ್ಮ ಕಲಬುರಗಿಗೆ ಬಂದು ನೋಡಿ, ತುಟಿ ಒಡೆದು ರಕ್ತ ಬರುತ್ತದೆ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಇಳಿದರೆ ಗಟ್ಟಿ. ಬೆಳಿಗ್ಗೆ ಬಾಟಲಿ ಬಿಸಿನೀರಲ್ಲಿ ಇಟ್ಟು ಕಾಯಬೇಕು. ನಮ್ಮ ಮನೆಯಲ್ಲಿ ಮೊದಲಿಂದಲೂ ಮೈಗೆ ಕುಸುಬಿ ಎಣ್ಣೆ. ತೆಳ್ಳಗಿರುತ್ತದೆ, ಬೇಗ ಹೀರುತ್ತದೆ, ಎಷ್ಟೇ ಚಳಿ ಇದ್ದರೂ ಗಟ್ಟಿಯಾಗುವುದಿಲ್ಲ.

ಜಯನಗರದ_ಹುಡುಗಿ:
ಮೇಡಂ, ನಾನು ನಿಮ್ಮ ಮಗಳ ಕಡೆ. ಮೊಡವೆ ಇರುವ ಮುಖಕ್ಕೆ ಕೊಬ್ಬರಿ ಎಣ್ಣೆ ದಯವಿಟ್ಟು ಹಚ್ಚಬೇಡಿ. ನನಗೆ ಮನೆಯವರೆಲ್ಲ ಸೇರಿ ಹಚ್ಚಿಸಿ, ಗಲ್ಲದ ತುಂಬ ಕಪ್ಪು ಚುಕ್ಕೆ, ಒಳಗಂಟು. ಬಿಟ್ಟ ಮೇಲೇ ಕಡಿಮೆಯಾಗಿದ್ದು.

ಫಾರ್ಮಸಿ_ಮಾಸ್ತರ್:
ಯಾವ ಎಣ್ಣೆ ಅನ್ನುವ ಮೊದಲು ಎಣ್ಣೆ ಮಾಡುವ ಕೆಲಸ ಏನು ಅಂತ ನೋಡೋಣ. ಎಣ್ಣೆಯಲ್ಲಿ ನೀರಿಲ್ಲ. ಅದು ಚರ್ಮಕ್ಕೆ ತೇವ ಕೊಡುವುದಿಲ್ಲ, ಇರುವ ತೇವ ಹಾರಿಹೋಗದಂತೆ ತಡೆಯುತ್ತದೆ, ಒರಟು ಹೊಟ್ಟನ್ನು ಮೆದು ಮಾಡುತ್ತದೆ. ಒಣಗಿ ಬಿರಿದ ಕಾಲಿಗೆ ಮಧ್ಯಾಹ್ನ ಎಣ್ಣೆ ಸವರಿದರೆ ಹೊಳಪು ಬರುತ್ತದೆ, ಒಳಗಿನ ಬಿಗಿತ ಹಾಗೇ ಇರುತ್ತದೆ. ಸ್ನಾನ ಆದ ಕೂಡಲೇ ಟವೆಲ್ ಒತ್ತಿ ನೀರು ತೆಗೆದು, ಮೈ ಇನ್ನೂ ಹಸಿ ಇರುವಾಗಲೇ ಹಚ್ಚಬೇಕು. ಕೈಯಲ್ಲಿ ಕಾಲು ಚಮಚ ತೆಗೆದುಕೊಂಡು ಎರಡೂ ಅಂಗೈಗೆ ಉಜ್ಜಿ, ಒಂದು ಕಾಲಿಗೆ ಅಷ್ಟೇ ಸಾಕು. ಹರಿಯುವಷ್ಟು ಬೇಡ.

ಈಗ ಎಣ್ಣೆಗಳ ವ್ಯತ್ಯಾಸ. ಅದು ಇರುವುದು ಕೊಬ್ಬಿನಾಮ್ಲಗಳಲ್ಲಿ. ಕೊಬ್ಬರಿ ಎಣ್ಣೆಯಲ್ಲಿ ಸುಮಾರು ಅರ್ಧ ಲಾರಿಕ್ ಆಮ್ಲ. ಆಲಿವ್ ಮತ್ತು ಬಾದಾಮಿ ಎಣ್ಣೆಯಲ್ಲಿ ಒಲೆಯಿಕ್ ಜಾಸ್ತಿ. ಕುಸುಬಿ, ಸೂರ್ಯಕಾಂತಿ, ಗುರೆಳ್ಳಿನ ಎಣ್ಣೆಯಲ್ಲಿ ಲಿನೋಲಿಯಿಕ್ ಜಾಸ್ತಿ. ಎಳ್ಳೆಣ್ಣೆಯಲ್ಲಿ ಎರಡೂ ಹೆಚ್ಚುಕಮ್ಮಿ ಸಮ. ನಮ್ಮ ಚರ್ಮದ ಮೇಲ್ಪದರ ನೀರನ್ನು ಹಿಡಿದಿಡಲು ಸೆರಮೈಡ್ ಅನ್ನುವ ಕೊಬ್ಬನ್ನು ಕಟ್ಟಿಕೊಳ್ಳುತ್ತದೆ. ಅದಕ್ಕೆ ಲಿನೋಲಿಯಿಕ್ ಬೇಕು, ದೇಹ ಅದನ್ನು ತಾನೇ ತಯಾರಿಸಿಕೊಳ್ಳುವುದಿಲ್ಲ. ಒಲೆಯಿಕ್ ಆಮ್ಲ ಅದೇ ಪದರದ ಜೋಡಣೆಯನ್ನು ಸಡಿಲ ಮಾಡುತ್ತದೆ. ಔಷಧಿ ಚರ್ಮದೊಳಗೆ ಇಳಿಯಲಿ ಅಂತ ಕೆಲವು ಮುಲಾಮುಗಳಿಗೆ ಒಲೆಯಿಕ್ ಸೇರಿಸುವುದು ಇದೇ ಕಾರಣಕ್ಕೆ.

ಕುಸುಬಿ ಎಣ್ಣೆ ಅಂದವರ ಮಾತಿನಲ್ಲಿ ಹುರುಳಿದೆ. ಮೇಡಂ ಅವರ ಒಣ ಕಾಲಿಗೆ ನಾನು ಹೇಳುವುದೂ ಅದೇ.

ಕಡಲತಡಿ:
ಅಂದರೆ ತೆಂಗಿನೆಣ್ಣೆ ಕೆಟ್ಟದ್ದು ಅಂತಲಾ? ಅಷ್ಟು ಜನ ಹಚ್ಚಿಕೊಂಡು ಬಂದದ್ದಕ್ಕೆ ಬೆಲೆ ಇಲ್ವಾ?

ಫಾರ್ಮಸಿ_ಮಾಸ್ತರ್:
ಖಂಡಿತ ಬೆಲೆ ಇದೆ ಸರ್. ಮೈಯ ಒಣ ಚರ್ಮಕ್ಕೆ ಕೊಬ್ಬರಿ ಎಣ್ಣೆ ಒಳ್ಳೆಯದು. ಎಕ್ಸಿಮಾ, ಅಂದರೆ ಚರ್ಮ ಒಣಗಿ ಕೆಂಪಾಗಿ ತುರಿಸುವ ಕಾಯಿಲೆ ಇರುವ ಮಕ್ಕಳಲ್ಲಿ ಹಸಿ ತೆಂಗಿನಿಂದ ತೆಗೆದ ಎಣ್ಣೆ, ಪೆಟ್ರೋಲಿಯಂನಿಂದ ಬರುವ ಪ್ಯಾರಾಫಿನ್ ಎಣ್ಣೆಗಿಂತ ಚೆನ್ನಾಗಿ ಕೆಲಸ ಮಾಡಿದ್ದನ್ನು 2014ರ ಒಂದು ಅಧ್ಯಯನ ತೋರಿಸಿದೆ. ನನ್ನ ತಕರಾರು ಇರುವುದು 'ಎಲ್ಲರಿಗೂ, ಎಲ್ಲ ಜಾಗಕ್ಕೂ' ಅನ್ನುವುದಕ್ಕೆ. ಮೊಣಕಾಲಿಗೆ ಒಗ್ಗಿದ್ದು ಮೂಗಿಗೆ ಒಗ್ಗಬೇಕಿಲ್ಲ.

ಮಕ್ಕಳ_ವಾರ್ಡ್:
ನಾನು ನರ್ಸ್, ನವಜಾತ ಶಿಶುಗಳ ವಿಭಾಗದಲ್ಲಿ ಕೆಲಸ. ಕೂಸಿನ ವಿಷಯ ಮಾತ್ರ ಹೇಳುತ್ತೇನೆ.

ಆಲಿವ್ ಎಣ್ಣೆ ಬೇಡ. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2013ರಲ್ಲಿ ದೊಡ್ಡವರ ಕೈಗೆ ಕೆಲವು ವಾರ ಆಲಿವ್ ಎಣ್ಣೆ ಹಚ್ಚಿಸಿ ನೋಡಿದರು. ಚರ್ಮದ ತಡೆಪದರ ದುರ್ಬಲವಾಯಿತು, ಸ್ವಲ್ಪ ಕೆಂಪೂ ಆಯಿತು. ಸೂರ್ಯಕಾಂತಿ ಎಣ್ಣೆ ಹಚ್ಚಿದಲ್ಲಿ ಹಾಗಾಗಲಿಲ್ಲ. ಮಗುವಿನ ಚರ್ಮ ಇನ್ನೂ ತೆಳ್ಳಗೆ. ಬಾಂಗ್ಲಾದೇಶದ ಢಾಕಾದಲ್ಲಿ ಅವಧಿಗೆ ಮುಂಚೆ ಹುಟ್ಟಿದ ಶಿಶುಗಳಿಗೆ ಸೂರ್ಯಕಾಂತಿ ಎಣ್ಣೆ ಸವರಿದಾಗ ಆಸ್ಪತ್ರೆಯ ಸೋಂಕು ಕಡಿಮೆಯಾದದ್ದು 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತ್ತು. ಕೂಸಿಗೆ ಕೊಬ್ಬರಿ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ, ಎರಡರಲ್ಲಿ ಒಂದು ಸಾಕು. ಸಾಸಿವೆ ಎಣ್ಣೆ ಬೇಡ, ಅದರ ಖಾರ ಚರ್ಮವನ್ನು ಕೆರಳಿಸುತ್ತದೆ. ಎಕ್ಸಿಮಾ ಇರುವ ಮಗುವಿಗೆ ಶೇಂಗಾ ಎಣ್ಣೆಯೂ ಬೇಡ, ಮುಂದೆ ಶೇಂಗಾ ಅಲರ್ಜಿಗೆ ದಾರಿಯಾಗಬಹುದು.

ಇನ್ನೊಂದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ಎರೆಯುವಾಗ ಮೂಗಿಗೆ, ಕಿವಿಗೆ ಎಣ್ಣೆ ಬಿಡಬೇಡಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಎರೆಯಲು ಬರುವ ಅಜ್ಜಿ ಎಷ್ಟೇ ಅನುಭವಿ ಆಗಿದ್ದರೂ ಇದೊಂದು ವಿಷಯದಲ್ಲಿ ಬೇಡ ಅನ್ನಿ.

ಮಂಡ್ಯದ_ಸೊಸೆ:
ನಮ್ಮಲ್ಲಿ ಬಾಣಂತಿಗೂ ಮಗೂಗೂ ಹರಳೆಣ್ಣೆ. ತಂಪು ಅಂತ ನೆತ್ತಿಗೆ ತಟ್ಟುತ್ತಾರೆ. ಅದು ಸರಿನಾ ಅಕ್ಕಾ?

ಮಕ್ಕಳ_ವಾರ್ಡ್:
ಹೊರಗೆ ಹಚ್ಚುವುದರಿಂದ ಹಾನಿ ಅಂತೇನಿಲ್ಲ. ತುಂಬ ಅಂಟು, ತೊಳೆಯಲು ಕಡಲೆಹಿಟ್ಟು ಹಾಕಿ ತಿಕ್ಕುತ್ತಾರೆ, ಆ ತಿಕ್ಕುವಿಕೆಯಿಂದಲೇ ಚರ್ಮ ಕೆಂಪಾಗುತ್ತದೆ. ಹೊಟ್ಟೆಗೆ ಹರಳೆಣ್ಣೆ ಕುಡಿಸುವುದು ಮಾತ್ರ ಬೇಡವೇ ಬೇಡ. ಮಗುವಿನ ತಲೆಯಲ್ಲಿ ಹಳದಿ ಹೊಟ್ಟು ಕಟ್ಟಿದ್ದರೆ ಸ್ವಲ್ಪ ಎಣ್ಣೆ ಹಚ್ಚಿ, ಮೆದುವಾದ ಮೇಲೆ ತೊಳೆದುಬಿಡಿ. ದಿನವಿಡೀ ಹಾಗೇ ಬಿಡಬೇಡಿ.

ಬಾಣಂತಿಯ ಮೊಲೆತೊಟ್ಟು ಒಡೆದಿದ್ದರೆ ಎಣ್ಣೆಗಿಂತ ಶುದ್ಧ ಮಾಡಿದ ಲ್ಯಾನೋಲಿನ್ ಒಳ್ಳೆಯದು. ಕುರಿ ಉಣ್ಣೆಯಿಂದ ತೆಗೆದ ಕೊಬ್ಬು ಅದು, ಔಷಧಿ ಅಂಗಡಿಯಲ್ಲಿ ಸಿಗುತ್ತದೆ.

ಸಾಧನಕೇರಿ:
ತುಂಬ ಉಪಕಾರ ಆಯ್ತು ಅಕ್ಕಾ. ಮೂಗಿನ ಮಾತು ನಾದಿನಿಗೆ ಓದಿ ಹೇಳಿದೆ. ಇವತ್ತಿನಿಂದಲೇ ಬಂದ್.

ಮುರುಗಲು_ಮರ:
ಅತ್ತೆಯವರ ಹಿಮ್ಮಡಿಗೆ ಯಾರೂ ಉತ್ತರ ಕೊಟ್ಟಿಲ್ಲ. ನಮ್ಮ ಶಿರಸಿ, ಸಿದ್ದಾಪುರದ ಕಡೆ ಅದಕ್ಕೆ ಮುರುಗಲು ತುಪ್ಪ, ಅಂದರೆ ಕೋಕಂ (ಪುನರ್ಪುಳಿ) ಬೀಜದ ಕೊಬ್ಬು. ಹಣ್ಣಿನ ಸಿಪ್ಪೆ ಶರಬತ್ತಿಗೆ ಹೋಗುತ್ತದೆ, ಬೀಜ ಉಳಿಯುತ್ತದೆ. ಬೀಜ ತೊಳೆದು ಬಿಸಿಲಲ್ಲಿ ಒಣಗಿಸಿ, ಮೇಲಿನ ಸಿಪ್ಪೆ ತೆಗೆದು, ಕುಟ್ಟಿ ಪುಡಿ ಮಾಡಿ ನೀರಲ್ಲಿ ಕುದಿಸುತ್ತೇವೆ. ಕೊಬ್ಬು ಮೇಲೆ ತೇಲುತ್ತದೆ. ಆರಿದ ಮೇಲೆ ತೆಗೆದು, ಮತ್ತೊಮ್ಮೆ ಕಾಯಿಸಿ ಸೋಸಿ ಬಿಲ್ಲೆ ಮಾಡಿ ಇಡುವುದು. ಹೊಸದು ತಿಳಿ ಹಳದಿ ಬಿಳುಪು, ಉಗುರಿಂದ ಕೆರೆದರೆ ಪುಡಿಪುಡಿಯಾಗಿ ಏಳುತ್ತದೆ. ವಾಸನೆ ಇಲ್ಲವೇ ಇಲ್ಲ ಅನ್ನಬಹುದು, ನಿಮ್ಮ ತುರಿಕೆಗೂ ಅದು ಅನುಕೂಲ.

ಅದು ಕರಗಲು 40 ಡಿಗ್ರಿ ಹತ್ತಿರ ಬೇಕು. ಹಾಗಾಗಿ ಮೈಯ ಶಾಖಕ್ಕೆ ಕರಗಿ ಹರಿದು ಹೋಗುವುದಿಲ್ಲ, ಬಿರುಕಿನಲ್ಲಿ ಕೂತುಕೊಳ್ಳುತ್ತದೆ. ರಾತ್ರಿ ಕಾಲು ತೊಳೆದು ಒರೆಸಿ, ಕಾಲುಜ್ಜುವ ಕಲ್ಲಿನಿಂದ ಹಗುರಕ್ಕೆ ತಿಕ್ಕಿ, ಒಂದು ಚೂರು ಬಿಲ್ಲೆಯನ್ನು ಚಮಚದಲ್ಲಿಟ್ಟು ದೀಪದ ಮೇಲೆ ಹಿಡಿದು ಕರಗಿಸಿ, ಬಿಸಿ ಇರುವಾಗಲೇ ಬಿರುಕಿಗೆ ಬಿಡುತ್ತಾರೆ. ಮೇಲೆ ಕಾಲುಚೀಲ. ಕೆಲವೇ ದಿನದಲ್ಲಿ ಬಿರುಕಿನ ಅಂಚು ಮೆದುವಾಗುತ್ತದೆ.

ಮಕ್ಕಳ_ವಾರ್ಡ್:
ಮುರುಗಲು_ಮರ ಅವರೇ, ತುಪ್ಪ ಸರಿ. ಆದರೆ ಸಕ್ಕರೆ ಕಾಯಿಲೆ ಇರುವವರ ಕಾಲಿಗೆ ಬಿಸಿಯದನ್ನು ಬಿಡಲೇಬಾರದು! ಅವರಿಗೆ ಪಾದದಲ್ಲಿ ಸ್ಪರ್ಶ ಕಡಿಮೆ ಇರುತ್ತದೆ, ಸುಟ್ಟದ್ದು ಗೊತ್ತೇ ಆಗುವುದಿಲ್ಲ. ಬೊಕ್ಕೆ ಎದ್ದು ಗಾಯ ಆದರೆ ತಿಂಗಳುಗಟ್ಟಲೆ ಮಾಯುವುದಿಲ್ಲ. ಕಲ್ಲಿನಿಂದ ಉಜ್ಜುವುದೂ ಬೇಡ, ಬ್ಲೇಡಂತೂ ಮುಟ್ಟಿಸಬೇಡಿ. ತುಪ್ಪವನ್ನು ಕೊಬ್ಬರಿ ಎಣ್ಣೆಯ ಜೊತೆ ಕರಗಿಸಿ ಪೂರ್ತಿ ಆರಿಸಿ, ಮುಲಾಮಿನ ಹಾಗೆ ಮಾಡಿಟ್ಟುಕೊಳ್ಳಿ. ತಣ್ಣಗಿರುವಾಗ ಹಚ್ಚಿ. ಬೆರಳುಗಳ ಸಂದಿಗೆ ಹಚ್ಚಬೇಡಿ, ಅಲ್ಲಿ ತೇವ ನಿಂತರೆ ಹುಳುಕು ಹಿಡಿಯುತ್ತದೆ. ಬಿರುಕಿನಲ್ಲಿ ರಕ್ತ, ಕೀವು, ಕೆಂಪು ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಿ.

ಮುರುಗಲು_ಮರ:
ನೀವು ಹೇಳಿದ್ದು ಸರಿ ಅಕ್ಕ. ನಾನು ಬರೆದದ್ದು ಗದ್ದೆ, ತೋಟದಲ್ಲಿ ಓಡಾಡುವ ಗಟ್ಟಿ ಕಾಲಿನವರಿಗೆ. ಅತ್ತೆಯವರಿಗೆ ಮುಲಾಮೇ ಮಾಡಿ. ಒಂದು ಭಾಗ ಮುರುಗಲು ತುಪ್ಪ, ಎರಡು ಭಾಗ ಕೊಬ್ಬರಿ ಎಣ್ಣೆ ಹಾಕಿದರೆ ಬೆರಳಲ್ಲಿ ತೆಗೆಯುವ ಹದಕ್ಕೆ ಬರುತ್ತದೆ.

ಬಿಸಿಲೂರು:
ಉಪ್ಪಾಗೆ ತುಪ್ಪ ಅಂತಲೂ ನಿಮ್ಮ ಕಡೆ ಇದೆಯಲ್ವಾ?

ಮುರುಗಲು_ಮರ:
ಇದೆ. ಅದು ಬೇರೆ ಮರ, ಮುರುಗಲಿನ ಜಾತಿಯದೇ. ಉಪ್ಪಾಗೆ ತುಪ್ಪವನ್ನು ಅಡುಗೆಗೂ ಬಳಸುತ್ತಾರೆ. ಘಟ್ಟದ ಮೇಲೆ ಕಾಡಿನಲ್ಲಿ ಹಣ್ಣು ಹೆಕ್ಕುವುದು ಮಳೆಗಾಲದ ಕೆಲಸ. ಬಲಿಯದ ಕಾಯಿಗೇ ಟೊಂಗೆ ಕಡಿಯುವವರು ಇದ್ದಾರೆ, ಅದು ನೋಡಿದರೆ ಹೊಟ್ಟೆ ಉರಿಯುತ್ತದೆ. ಕೊಳ್ಳುವಾಗ ಹೇಗೆ ಸಂಗ್ರಹಿಸಿದ್ದು ಅಂತ ಕೇಳಿ.

ಹಿಮದೂರ_ಕನ್ನಡಿಗ:
ಅಮೆರಿಕದ ಮಿನೆಸೋಟಾದಿಂದ. ಇಲ್ಲಿ ಹೊರಗೆ ಸೊನ್ನೆಗಿಂತ ಕೆಳಗೆ, ಒಳಗೆ ಹೀಟರ್. ಹೀಟರ್ ಗಾಳಿ ಧಾರವಾಡದ ಗಾಳಿಗಿಂತ ಒಣ. ಬರೀ ಎಣ್ಣೆ ಇಲ್ಲಿ ಸಾಲುವುದಿಲ್ಲ. ಪೆಟ್ರೋಲಿಯಂ ಜೆಲ್ಲಿ ಹಚ್ಚಿದರೆ ಮಾತ್ರ ರಾತ್ರಿ ನಿದ್ದೆ. ನೀರು ಹಾರುವುದನ್ನು ತಡೆಯುವುದರಲ್ಲಿ ಯಾವ ಗಿಡದ ಎಣ್ಣೆಯೂ ಅದರ ಹತ್ತಿರ ಬರುವುದಿಲ್ಲ.

ಮಂಡ್ಯದ_ಸೊಸೆ:
ಪೆಟ್ರೋಲ್‌ನಿಂದ ಬಂದದ್ದನ್ನು ಮೈಗೆ ಹಚ್ಚೋದಾ? ಬೇಡಪ್ಪ.

ಫಾರ್ಮಸಿ_ಮಾಸ್ತರ್:
ಭಯ ಬೇಡ ತಾಯಿ. ಔಷಧಿ ದರ್ಜೆಗೆ ಶುದ್ಧ ಮಾಡಿದ ಜೆಲ್ಲಿ 19ನೇ ಶತಮಾನದಿಂದ ಬಳಕೆಯಲ್ಲಿದೆ. ವಾಸನೆ ಇಲ್ಲ, ಅಲರ್ಜಿ ಬಹಳ ಅಪರೂಪ. ಗಿಡದ್ದೆಲ್ಲ ಒಳ್ಳೆಯದು, ಕಾರ್ಖಾನೆಯದೆಲ್ಲ ಕೆಟ್ಟದ್ದು ಅನ್ನುವ ಲೆಕ್ಕ ಚರ್ಮಕ್ಕೆ ಗೊತ್ತಿಲ್ಲ. ಬೇವಿನ ಎಣ್ಣೆ ಗಿಡದ್ದೇ. ಹಾಗಂತ ಅದನ್ನು ಹಾಗೇ ಮುಖಕ್ಕೆ ಬಳಿದರೆ ಕೆಲವರಿಗೆ ಉರಿಯುತ್ತದೆ, ಮಕ್ಕಳ ಹೊಟ್ಟೆಗೆ ಹೋದರೆ ವಿಷ.

ನಾನು ಮಾತಾಡುತ್ತಿರುವ ಎಣ್ಣೆಗಳು ಬೀಜದಿಂದ, ಕಾಯಿಯಿಂದ ಬರುವ ಜಿಡ್ಡೆಣ್ಣೆ. ಲ್ಯಾವೆಂಡರ್, ಟೀ ಟ್ರೀ, ನಿಂಬೆಸಿಪ್ಪೆ, ಶ್ರೀಗಂಧ ಇವೆಲ್ಲ ಹಾರಿಹೋಗುವ ಸುಗಂಧ ತೈಲ. ಅವು ತೇವ ಹಿಡಿಯುವುದಿಲ್ಲ. ನಿಂಬೆಸಿಪ್ಪೆಯ ತೈಲ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತೆ ಕಪ್ಪಾಗಬಹುದು.

ಕಡಲತಡಿ:
ಕಪ್ಪು ಅಂದಾಗ ನೆನಪಾಯ್ತು. ಎಣ್ಣೆ ಹಚ್ಚಿ ಬಿಸಿಲಿಗೆ ಹೋದರೆ ಕಪ್ಪಾಗ್ತಾರೆ ಅಂತಾರಲ್ಲ, ನಿಜವಾ?

ಜಯನಗರದ_ಹುಡುಗಿ:
ಎಣ್ಣೆಯಿಂದಲ್ಲ, ಬಿಸಿಲಿಂದ. ತೆಂಗಿನೆಣ್ಣೆ ಬಿಸಿಲು ತಡೆಯುತ್ತದೆ ಅಂತ ನಂಬಿ ಸನ್‌ಸ್ಕ್ರೀನ್ ಬಿಡುವವರಿದ್ದಾರೆ. ಅದು ತಡೆಯುವುದು ಲೆಕ್ಕಕ್ಕೇ ಇಲ್ಲ.

ಆಯುರ್ವೇದ_ವಿದ್ಯಾರ್ಥಿನಿ:
ಮಾಸ್ತರರ ಮಾತು ಬಹುಪಾಲು ಒಪ್ಪುತ್ತೇನೆ. ಒಂದು ಸೇರಿಸಬೇಕು. ನಮ್ಮಲ್ಲಿ ಅಭ್ಯಂಗಕ್ಕೆ ಎಳ್ಳೆಣ್ಣೆ ಮುಖ್ಯ. ಹಚ್ಚಿ, ತಿಕ್ಕಿ, ನೆನೆಸಿ, ಆಮೇಲೆ ಸ್ನಾನ. ದೀಪಾವಳಿಯ ನೀರು ತುಂಬುವ ಹಬ್ಬದ ಮರುದಿನ ಎಲ್ಲರೂ ಮಾಡುವುದೂ ಅದೇ. ಸ್ನಾನಕ್ಕೆ ಮೊದಲು ಹಚ್ಚಿದರೆ ಬಿಸಿನೀರು, ಸೋಪು ಚರ್ಮದ ಸ್ವಂತ ಜಿಡ್ಡನ್ನು ಪೂರ್ತಿ ಎಳೆಯುವುದಿಲ್ಲ. ಬರೀ ಸ್ನಾನದ ನಂತರ ಅಂದರೆ ಅರ್ಧ ಮಾತಾಯಿತು.

ಇನ್ನೊಂದು, ಶತಧೌತ ಘೃತ. ಅಗಲ ತಾಮ್ರದ ತಟ್ಟೆಯಲ್ಲಿ ಹಸುವಿನ ತುಪ್ಪ ಹಾಕಿ, ಸ್ವಲ್ಪ ತಣ್ಣೀರು ಬಿಟ್ಟು ಅಂಗೈಯಿಂದ ಗೋಲಾಕಾರವಾಗಿ ತಿಕ್ಕುವುದು. ನೀರು ಬೇರೆಯಾದ ಮೇಲೆ ಚೆಲ್ಲಿ, ಹೊಸ ನೀರು. ಹೀಗೆ ನೂರು ಸಲ. ಹಳದಿ ತುಪ್ಪ ಬಣ್ಣ ಕಳೆದುಕೊಂಡು ಬೆಳ್ಳಗೆ, ಗಾಳಿ ತುಂಬಿದ ಕ್ರೀಮಿನ ಹಾಗಾಗುತ್ತದೆ. ತುಪ್ಪದ ವಾಸನೆ ಹೋಗಿಬಿಡುತ್ತದೆ. ಉರಿಯುವ, ಒಡೆದ ಚರ್ಮಕ್ಕೆ ತುಂಬ ಹಿತ. ಒಳಗೆ ನೀರು ಸಿಕ್ಕಿಕೊಂಡಿರುತ್ತದೆ, ಹಾಗಾಗಿ ಬೂಸ್ಟು ಬರುವ ಅಪಾಯ ಇದೆ. ಸ್ವಲ್ಪವೇ ಮಾಡಿ, ಫ್ರಿಜ್ಜಲ್ಲಿಟ್ಟು, ಒಣ ಚಮಚದಿಂದ ತೆಗೆಯಿರಿ.

ಫಾರ್ಮಸಿ_ಮಾಸ್ತರ್:
ಮೊದಲು ಹಚ್ಚುವ ಮಾತು ಸರಿಯಾಗಿದೆ, ಒಪ್ಪಿದೆ. ಸುಡುನೀರಿನ ಸ್ನಾನವೇ ಚಳಿಗಾಲದ ದೊಡ್ಡ ಶತ್ರು. ಮೇಲೆ ಕಡಲೆಹಿಟ್ಟು, ಸೀಗೆಪುಡಿ ಹಾಕಿ ಚರಚರ ತಿಕ್ಕಿದರೆ ಹಚ್ಚಿದ್ದೂ ಹೋಯ್ತು, ಇದ್ದದ್ದೂ ಹೋಯ್ತು. ಉಗುರುಬೆಚ್ಚಗಿನ ನೀರು, ಬಗಲು, ತೊಡೆಸಂದಿ, ಪಾದಕ್ಕೆ ಮಾತ್ರ ಸೋಪು ಹಾಕಿ ನೋಡಿ. ಅರ್ಧ ಒಣಗುವಿಕೆ ಅದರಲ್ಲೇ ನಿಲ್ಲುತ್ತದೆ.

ಬೋರ್‌ವೆಲ್_ಬೆಂಗಳೂರು:
ನಮ್ಮ ಬಡಾವಣೆಯ ಬೋರ್ ನೀರು ಗಡಸು. ಸೋಪು ನೊರೆ ಬರುವುದಿಲ್ಲ, ಮೈಮೇಲೆ ಪದರ ಕೂರುತ್ತದೆ, ಆಮೇಲೆ ತುರಿಕೆ. ಊರಿಗೆ ಹೋದಾಗ ಕೆರೆ ನೀರಲ್ಲಿ ಸ್ನಾನ ಮಾಡಿದರೆ ಎಣ್ಣೆಯೇ ಬೇಡ. ಎಣ್ಣೆ ಬದಲಿಸುವ ಮೊದಲು ನೀರು ನೋಡಿ.

ಗಾಣದ_ಮನೆ:
ನಾವು ತಿಪಟೂರು ಹತ್ತಿರ ಮರದ ಗಾಣ ನಡೆಸುತ್ತೇವೆ. ಗಾಣದ ಎಣ್ಣೆ ಹಚ್ಚಿ, ಮಿಲ್ಲಿನದು ಬೇಡ. ನಮ್ಮಲ್ಲಿ ಕಣ್ಣೆದುರೇ ಹಿಂಡಿಸಿಕೊಂಡು ಹೋಗಬಹುದು.

ಜಯನಗರದ_ಹುಡುಗಿ:
ಚರ್ಮಕ್ಕೆ ರಿಫೈನ್ಡ್ ಒಳ್ಳೆಯದು ಅಂತ ಓದಿದ್ದೆನಲ್ಲ?

ಗಾಣದ_ಮನೆ:
ಒಂದು ವಿಷಯದಲ್ಲಿ ಹೌದು. ಗಾಣದ ಎಣ್ಣೆಯಲ್ಲಿ ಬೀಜದ ವಾಸನೆ, ಗಷ್ಟು ಸ್ವಲ್ಪ ಉಳಿದಿರುತ್ತದೆ. ಅಲರ್ಜಿ ಇರುವವರಿಗೆ ಅದು ತೊಂದರೆ ಕೊಡಬಹುದು. ಅವರು ರಿಫೈನ್ಡ್ ತಗೊಳ್ಳಲಿ. ಉಳಿದವರು ತಿಳಿಯಾಗಲು ಬಿಟ್ಟು ಮೇಲಿನದ್ದನ್ನು ಬಗ್ಗಿಸಿಕೊಂಡು ಬಳಸಿ. ಕುಸುಬಿ, ಗುರೆಳ್ಳು ಎಣ್ಣೆ ಬೇಗ ಕೆಡುತ್ತವೆ. ಕಮಟು ವಾಸನೆ ಬಂದ ಎಣ್ಣೆ ಮೈಗೂ ಬೇಡ. ಚಿಕ್ಕ ಗಾಜಿನ ಬಾಟಲಿ, ಬಿಸಿಲು ಬೀಳದ ಜಾಗ. ಬಚ್ಚಲಿನ ಕಿಟಕಿಯಲ್ಲಿ ಇಡುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಕೊಬ್ಬರಿ ಎಣ್ಣೆ ಮಾತ್ರ ಚೆನ್ನಾಗಿ ಬಾಳುತ್ತದೆ.

ಬೋರ್‌ವೆಲ್_ಬೆಂಗಳೂರು:
ಕೊಬ್ಬರಿ ಎಣ್ಣೆ ಬೆಲೆ ಕೇಳಬೇಡಿ. 2025ರಲ್ಲಿ ಲೀಟರಿಗೆ 400 ದಾಟಿತು. ಆ ಬೆಲೆಗೆ ಕಲಬೆರಕೆ ಮಾಡದೆ ಬಿಡ್ತಾರಾ?

ಕಡಲತಡಿ:
ಫ್ರಿಜ್ಜಲ್ಲಿಟ್ಟು ನೋಡಿ. ಶುದ್ಧ ಇದ್ದರೆ ಪೂರ್ತಿ ಬೆಳ್ಳಗೆ ಗಟ್ಟಿಯಾಗುತ್ತದೆ. ಬೇರೆ ಬೆರೆಸಿದ್ದರೆ ಮೇಲೆ ನೀರಾಗಿ ಉಳಿಯುತ್ತದೆ.

ಗಾಣದ_ಮನೆ:
ಪ್ಯಾರಾಫಿನ್ ಅಥವಾ ಬೇರೆ ತೆಳು ಎಣ್ಣೆ ಬೆರೆಸಿದ್ದರೆ ಸಿಕ್ಕಿಬೀಳುತ್ತದೆ. ತಾಳೆಬೀಜದ ಎಣ್ಣೆ ಬೆರೆಸಿದ್ದರೆ ಅದೂ ಗಟ್ಟಿಯಾಗುತ್ತದೆ, ಗೊತ್ತಾಗುವುದಿಲ್ಲ. ನಂಬುವ ಗಾಣ ಇರಬೇಕು, ಇಲ್ಲ ಪ್ರಯೋಗಾಲಯ.

ಬಿಸಿಲೂರು:
ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿ ತಿನ್ನುವ ಎಣ್ಣೆಯೋ ತಲೆಗೆ ಹಚ್ಚುವ ಎಣ್ಣೆಯೋ ಅಂತ ತೆರಿಗೆ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 2024ರ ಡಿಸೆಂಬರ್‌ನಲ್ಲಿ ತೀರ್ಪು ಬಂತು, ಸಣ್ಣ ಬಾಟಲಿ ಅನ್ನುವ ಒಂದೇ ಕಾರಣಕ್ಕೆ ಅದು ತಲೆ ಎಣ್ಣೆ ಆಗುವುದಿಲ್ಲ ಅಂತ.

ಸಾಧನಕೇರಿ:
ತೆರಿಗೆ ಆಮೇಲೆ ನೋಡೋಣ ಸರ್, ಮಗಳ ಮುಖಕ್ಕೆ ಏನು ಮಾಡಲಿ? ಚಳಿಗೆ ಬಾಯಿಯ ಸುತ್ತ ಬಿಗಿಯುತ್ತದೆ, ಆದರೆ ಮೊಡವೆಯೂ ಇದೆ. ಅಂತರ್ಜಾಲದಲ್ಲಿ ಯಾವ ಎಣ್ಣೆ ಚರ್ಮದ ರಂಧ್ರವನ್ನು ಎಷ್ಟು ಮುಚ್ಚುತ್ತದೆ ಅಂತ ಸೊನ್ನೆಯಿಂದ ಐದರವರೆಗೆ ಅಂಕ ಕೊಟ್ಟ ಪಟ್ಟಿ ಸಿಕ್ಕಿತು. ಅದನ್ನು ನಂಬಬಹುದಾ?

ಫಾರ್ಮಸಿ_ಮಾಸ್ತರ್:
ಆ ಅಂಕಗಳಲ್ಲಿ ಬಹಳಷ್ಟು ಮೊಲದ ಕಿವಿಯ ಮೇಲೆ ಹಚ್ಚಿ ನೋಡಿ ಕೊಟ್ಟವು. ಮೊಲದ ಕಿವಿ ಮನುಷ್ಯರ ಮುಖಕ್ಕಿಂತ ಬೇಗ ಮುಚ್ಚಿಕೊಳ್ಳುತ್ತದೆ. ದಾರಿ ತೋರಿಸಲು ಸಾಕು, ತೀರ್ಪು ಅಂತ ಹಿಡಿಯಬೇಡಿ. ಮೊಡವೆ ಇರುವವರ ಮುಖದ ಜಿಡ್ಡಿನಲ್ಲಿ ಲಿನೋಲಿಯಿಕ್ ಕಡಿಮೆ ಇರುವುದು ಕಂಡುಬಂದಿದೆ. ಹಚ್ಚಲೇಬೇಕಿದ್ದರೆ ಅವಳಿಗೆ ಕುಸುಬಿ ಅಥವಾ ಸೂರ್ಯಕಾಂತಿ, ಒದ್ದೆ ಮುಖಕ್ಕೆ ಎರಡೇ ಹನಿ, ಬಿಗಿಯುವ ಜಾಗಕ್ಕೆ ಮಾತ್ರ. ಹಣೆ, ಮೂಗು ಬಿಡಿ. ಜೊಜೊಬಾ ಸಿಕ್ಕರೆ ಅದೂ ಆಗುತ್ತದೆ. ಅದು ನಿಜಕ್ಕೂ ಎಣ್ಣೆಯಲ್ಲ, ದ್ರವರೂಪದ ಮೇಣ, ಹಗುರ.

ಅಂಗಡಿಯಲ್ಲಿ ಸೂರ್ಯಕಾಂತಿ ಎಣ್ಣೆ ಕೊಳ್ಳುವಾಗ ಪ್ಯಾಕೆಟಿನ ಹಿಂದೆ ಕೊಬ್ಬಿನ ಲೆಕ್ಕ ನೋಡಿ. ಪಾಲಿಅನ್‌ಸ್ಯಾಚುರೇಟೆಡ್ ಸಂಖ್ಯೆ ಮಾನೋಅನ್‌ಸ್ಯಾಚುರೇಟೆಡ್‌ಗಿಂತ ದೊಡ್ಡದಿದ್ದರೆ ಲಿನೋಲಿಯಿಕ್ ಜಾತಿ. ಉಲ್ಟಾ ಇದ್ದರೆ ಅದು ಒಲೆಯಿಕ್ ಜಾಸ್ತಿ ಇರುವ ತಳಿ, ಚರ್ಮಕ್ಕೆ ನಾನು ಹೇಳಿದ್ದು ಅದಲ್ಲ. ಕುಸುಬಿಯಲ್ಲೂ ಹಾಗೆ ಎರಡು ತರಹ ಇದೆ.

ಜಯನಗರದ_ಹುಡುಗಿ:
ಒಂದು ಗಮನಿಸಿ ಮೇಡಂ. ಹಣೆಯ ಮೇಲೆ ಎಲ್ಲ ಒಂದೇ ಅಳತೆಯ ಸಣ್ಣ ಗುಳ್ಳೆ, ಜೊತೆಗೆ ತುರಿಕೆ, ತಲೆಯಲ್ಲಿ ಹೊಟ್ಟು ಇದ್ದರೆ ಅದು ಸಾಮಾನ್ಯ ಮೊಡವೆ ಅಲ್ಲದೆ ಇರಬಹುದು. ಚರ್ಮದ ಮೇಲಿನ ಶಿಲೀಂಧ್ರದಿಂದ ಬರುವ ಗುಳ್ಳೆ ಹಾಗಿರುತ್ತದೆ. ಎಣ್ಣೆಯಲ್ಲಿನ ಕೊಬ್ಬಿನಾಮ್ಲವೇ ಅದಕ್ಕೆ ಊಟ. ಆಗ ಯಾವ ಎಣ್ಣೆಯೂ ಬೇಡ, ಚರ್ಮವೈದ್ಯರನ್ನು ನೋಡಿ. ತಲೆಗೆ ರಾತ್ರಿ ಎಣ್ಣೆ ಹಚ್ಚಿ ಅದೇ ದಿಂಬಿನ ಮೇಲೆ ಮಲಗುವುದನ್ನೂ ನಿಲ್ಲಿಸಿ.

ಸಾಧನಕೇರಿ:
ತಲೆಯಲ್ಲಿ ಹೊಟ್ಟು ಇದೆ! ಹಣೆ ತುರಿಸುತ್ತದೆ ಅಂತಲೂ ಅನ್ನುತ್ತಿರುತ್ತಾಳೆ. ಹಾಗಾದರೆ ಅವಳ ಮುಖಕ್ಕೆ ಸದ್ಯ ಎಣ್ಣೆ ಇಲ್ಲ, ಮೊದಲು ವೈದ್ಯರಿಗೆ ತೋರಿಸುತ್ತೇನೆ. ಅವಳ ಕೈಕಾಲಿಗೂ ನನಗೂ ಕುಸುಬಿ, ಹುಬ್ಬಳ್ಳಿಯ ಗಾಣದಿಂದ ಸಣ್ಣ ಬಾಟಲಿ ತರಿಸಿದೆ. ಅತ್ತೆಗೆ ಮುರುಗಲಿನ ಮುಲಾಮು, ಆರಿಸಿ. ಕೂಸಿಗೆ ಕೊಬ್ಬರಿ ಎಣ್ಣೆ, ಅಷ್ಟರ ಮಟ್ಟಿಗೆ ಅತ್ತೆಯ ಮಾತು ಗೆದ್ದಿತು, ಅವರಿಗೂ ಖುಷಿ.

ಆಯುರ್ವೇದ_ವಿದ್ಯಾರ್ಥಿನಿ:
ಹೊಸ ಎಣ್ಣೆ ಯಾವುದೇ ಇರಲಿ, ಮೊದಲು ಮೊಣಕೈ ಒಳಗಡೆ ಒಂದು ಹನಿ ಹಚ್ಚಿ ಎರಡು ದಿನ ನೋಡಿ. ನಿಮಗೆ ಪರಿಮಳಕ್ಕೇ ತುರಿಕೆ ಬರುತ್ತದೆ ಅಂದಿದ್ದೀರಿ, ಹಾಗಾಗಿ ಇದನ್ನು ಬಿಡಬೇಡಿ.

ಮಂಡ್ಯದ_ಸೊಸೆ:
ಪಕ್ಕದ ಮನೆಯವರ ಬಾದಾಮಿ ಎಣ್ಣೆ ವಿಷಯ ಯಾರೂ ಹೇಳಲಿಲ್ಲವಲ್ಲ?

ಫಾರ್ಮಸಿ_ಮಾಸ್ತರ್:
ನಿಜವಾದ ಬಾದಾಮಿ ಎಣ್ಣೆ ಮೈಗೆ ಹಗುರ, ಗಟ್ಟಿಮುಟ್ಟಾದ ಒಣ ಚರ್ಮಕ್ಕೆ ಪರವಾಗಿಲ್ಲ. ಬೆಲೆ ಜಾಸ್ತಿ, ಕುಸುಬಿ ಕೊಡದ್ದನ್ನು ಅದೇನೂ ಕೊಡುವುದಿಲ್ಲ. ಬಾಟಲಿ ಮೇಲೆ ಬಾದಾಮಿಯ ಚಿತ್ರ ಇದ್ದ ಮಾತ್ರಕ್ಕೆ ಒಳಗೆ ಅದೇ ಇರಬೇಕಿಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಲೈಟ್ ಲಿಕ್ವಿಡ್ ಪ್ಯಾರಾಫಿನ್ ಅಥವಾ ಮಿನರಲ್ ಆಯಿಲ್ ಅಂತಿದ್ದರೆ, ನೀವು ಬಾದಾಮಿಯ ಬೆಲೆ ಕೊಟ್ಟು ಪ್ಯಾರಾಫಿನ್ ತಂದಂತೆ.

ಮಕ್ಕಳ_ವಾರ್ಡ್:
ಅತ್ತೆಯವರ ಕಾಲಿಗೆ ಮುಲಾಮು ಹಚ್ಚಿದ ಮೇಲೆ ಹತ್ತಿಯ ಕಾಲುಚೀಲ ಹಾಕಿಸದೆ ಓಡಾಡಲು ಬಿಡಬೇಡಿ. ಬಚ್ಚಲಲ್ಲಿ ಎಣ್ಣೆ ಕಾಲು ಜಾರಿ ತೊಡೆಮೂಳೆ ಮುರಿದುಕೊಂಡ ಹಿರಿಯರನ್ನು ಆಸ್ಪತ್ರೆಯಲ್ಲಿ ನೋಡುತ್ತಲೇ ಇರುತ್ತೇವೆ. ಕೂಸಿಗೆ ಎರೆಯುವವರ ಕೈಯೂ ಜಾರುತ್ತದೆ, ಕೆಳಗೆ ಕೂತೇ ಎರೆಯಲಿ.

ಬಿಸಿಲೂರು:
ಮುರುಗಲು ತುಪ್ಪ ನಮ್ಮ ಕಡೆ ಸಿಗುವುದಿಲ್ಲ. ಎಲ್ಲಿ ತರಿಸುವುದು?

ಮುರುಗಲು_ಮರ:
ಶಿರಸಿ, ಕುಮಟಾದ ಕಡೆ ನೆಂಟರಿದ್ದರೆ ಸಂತೆಯಲ್ಲಿ, ಊರಿನ ಕಿರಾಣಿ ಅಂಗಡಿಯಲ್ಲಿ ಕೇಳಿಸಿ. ಹಣ್ಣು ಏಪ್ರಿಲ್, ಮೇ ತಿಂಗಳದ್ದು. ತುಪ್ಪ ಆಮೇಲೆ ಬರುತ್ತದೆ. ಬಿಲ್ಲೆ ಕೊಳ್ಳುವಾಗ ಮೂಸಿ ನೋಡಿ. ಹೊಗೆ ವಾಸನೆ ಸ್ವಲ್ಪ ಇದ್ದರೆ ಚಿಂತೆ ಇಲ್ಲ, ಒಲೆಯ ಮೇಲೆ ಕುದಿಸಿದ್ದು ಹಾಗೇ ಇರುತ್ತದೆ. ಕಮಟು ಇದ್ದರೆ ಬಿಟ್ಟುಬಿಡಿ. ಸಿಗದಿದ್ದರೆ ನಾಲ್ಕು ಭಾಗ ಎಳ್ಳೆಣ್ಣೆಗೆ ಒಂದು ಭಾಗ ಶುದ್ಧ ಜೇನುಮೇಣ ಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕರಗಿಸಿ. ಮೇಣದಬತ್ತಿಯ ಮೇಣ ಬೇಡ.